ಎಡಕ್ಕೆ ಇಣುಕುವವನು

ಸವಳಂಗ ರಸ್ತೆಯ ಕಲ್ಯಾಣ ಮಂಟಪ, ಮೇಲ್ಮಹಡಿ.
ವಧುವಿನ ಕೋಣೆಯೇ ಇವತ್ತು ವಿಚಾರಣೆಯ ಕೋಣೆ.
ಕನ್ನಡಿಯ ಅಂಚಿಗೆ ಯಾರೋ ಅಂಟಿಸಿ ಮರೆತ ಸ್ಟಿಕ್ಕರ್ ಬೊಟ್ಟು,
ಮೇಜಿನ ಮೇಲೆ ಖಾರಾ ಮಂಡಕ್ಕಿ, ಒಂದು ಲ್ಯಾಪ್‌ಟಾಪು.
ಮೂವರು ನಾವು: ಗೇಮಿಂಗ್ ಅಂಗಡಿಯ ಫರ್ಹಾನ್,
ವಕೀಲೆ ಐರಿನ್, ಮತ್ತೆ ನಾನು,
ಮೊಬೈಲಿನಲ್ಲಿ ಹಾವಿನಾಟ ಬಿಟ್ಟು ಬೇರೇನೂ ಆಡದ
ರಿಟೈರಾದ ಡ್ರಿಲ್ ಮಾಸ್ತರು.
'ಶಿಸ್ತು ಅಂದ್ರೆ ನೀವೇ ಸಾರ್' ಅಂತ ತಂದು ಕೂರಿಸಿದ್ದಾರೆ.

ಎದುರಿಗೆ ಲೋಹಿತ. ಹತ್ತೊಂಬತ್ತು.
ಹೋದ ವರ್ಷ, ಗೋಡೆಯಾಚೆಗೂ ಕಣ್ಣು ಕೊಡುವ
ಯಾವುದೋ ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡು ಸಿಕ್ಕಿಬಿದ್ದವನು.
ಎರಡು ವರ್ಷ ಆಡಕೂಡದು ಅಂತ ಬರೆದುಕೊಟ್ಟಿದ್ದರು.
ಒಂದೇ ವರ್ಷಕ್ಕೆ ಬಂದ, ಶಿಕಾರಿಪುರದ ಮೈಲಾರಿಯಾಗಿ:
ಆಧಾರ್ ಮೈಲಾರಿಯದು, ಐಡಿ ಮೈಲಾರಿಯದು,
ಮುಖಕ್ಕೆ ಮಾಸ್ಕು, ಕೆಮ್ಮಿನ ನೆಪ.
ನಿಜವಾದ ಮೈಲಾರಿ ಆ ಹೊತ್ತಿಗೆ
ಬಸ್‌ಸ್ಟ್ಯಾಂಡಿನ ಹಿಂದೆ ಲಾರಿ ಟಯರಿಗೆ ಪಂಕ್ಚರ್ ಹಾಕುತ್ತಿದ್ದ.

ಹಿಡಿದವಳು ರಿಪ್ಪನ್‌ಪೇಟೆಯ ತನುಷಾ, ಫೈನಲಿನಲ್ಲಿ ಸೋತವಳು.
'ಬಾಗಿಲು ಸಿಕ್ಕರೆ ಇವನು ಎಡಕ್ಕೇ ಇಣುಕೋದು ಸಾರ್.
ಅರ್ಧ ಹೆಜ್ಜೆ, ತಡೀತಾನೆ, ಆಮೇಲೆ ತಲೆ.
ಎರಡು ಸಲ ನನ್ನ ಹೀಗೇ ಹೊಡೆದಿದಾನೆ.
ಹೆಸರು ಬದಲಾಯಿಸಬಹುದು. ಇಣುಕೋದು?'

ಫರ್ಹಾನ್ ರೆಕಾರ್ಡಿಂಗ್ ಓಡಿಸಿದ.
ಹನ್ನೊಂದು ಬಾಗಿಲು. ಹನ್ನೊಂದು ಸಲವೂ ಎಡಕ್ಕೆ.
ಕಳ್ಳ ಸಾಫ್ಟ್‌ವೇರ್ ಮಾತ್ರ ಎಷ್ಟು ಜಾಲಾಡಿದರೂ ಸಿಗಲಿಲ್ಲ.

ಲೋಹಿತ ಬಾಯಿ ಬಿಟ್ಟದ್ದು ಆಗಲೇ:
'ಹೋದ ಸಲ ನನ್ನ ಹೆಸರಲ್ಲಿ ಸುಳ್ಳು ಆಡಿದೆ.
ಈ ಸಲ ಸುಳ್ಳು ಹೆಸರಲ್ಲಿ ನಾನೇ ಆಡಿದೆ.
ಗೋಡೆ ಗೋಡೆ ಥರಾನೇ ಇತ್ತು ಸಾರ್, ಆಚೆ ಏನೂ ಕಾಣ್ತಿರಲಿಲ್ಲ.
ಎಷ್ಟು ಚೆನ್ನಾಗಿತ್ತು.'

ಐರಿನ್ ಪೆನ್ನು ನಿಲ್ಲಿಸಿದರು.
ನನ್ನ ಮೊಣಕಾಲು ಚುಳುಕ್ ಅಂದಿತು.

ಮೊಣಕಾಲಿನ ವಿಷಯ ಹೇಳಬೇಕು. ಅದು ನನ್ನದಲ್ಲ.
ಭದ್ರಾವತಿಯ ಕಾರ್ಖಾನೆ ಮೈದಾನ, ಐವತ್ತೈದು ಕೇಜಿಯ ಕಬಡ್ಡಿ.
ತಕ್ಕಡಿ ಮೇಲೆ ನಿಂತವನು ಶೇಷಪ್ಪ, ರೈಡಿಗೆ ಹೋದವನು ನಾನು.
ನಾಲ್ಕು ಜನ ಕೆಡವಿಕೊಂಡಾಗ ಒಳಗೇನೋ ಲಟಕ್ ಅಂದಿತು.
ಆಸ್ಪತ್ರೆಯ ಚೀಟಿ: ಶೇಷಪ್ಪ, ಬಲ ಮೊಣಕಾಲು.
ಗೆದ್ದ ಸ್ಟೀಲ್ ಕೊಡ ಅವನ ಮನೆಗೇ ಹೋಯಿತು.
ಅವನ ಮಗಳ ಮದುವೆಯಲ್ಲಿ ಅದರಲ್ಲೇ ನೀರಿಟ್ಟಿದ್ದರು.
ಕುಡಿದೆ. ತಣ್ಣಗಿತ್ತು.
ಕಂಠದಲ್ಲಿ ಕೊರೆದ ಹೆಸರನ್ನು ಬೆರಳಿನಲ್ಲಿ ಓದಿದೆ.

ಅವತ್ತು ಗೆರೆಯಾಚೆ ನಿಂತಿದ್ದ ಚಹಾದ ಗಿರಿಯಣ್ಣ
ಕಬಡ್ಡಿ ಕಬಡ್ಡಿ ಎನ್ನುವ ಉಸಿರಿನಲ್ಲೇ ಗುರುತು ಹಿಡಿದಿದ್ದ.
ಲೋಟ ಕೈಗಿಡುತ್ತ 'ತಗೊಳಪ್ಪಾ ಶೇಷಪ್ಪಾ' ಅಂದ,
ಅಷ್ಟೇ. ಯಾರಿಗೂ ಹೇಳಲಿಲ್ಲ.
ಹೇಳಬೇಕಿತ್ತು ಅಂತ
ಮೆಟ್ಟಿಲು ಹತ್ತುವಾಗ ಒಂದೊಂದು ಸಲ ಅನ್ನಿಸುತ್ತದೆ.

ಇದನ್ನೆಲ್ಲ ಆ ಕೋಣೆಯಲ್ಲಿ ಹೇಳಿದೆನಾ? ಇಲ್ಲ.
ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದೆ.

ತೀರ್ಪು: ಇನ್ನೆರಡು ವರ್ಷ. ಬಹುಮಾನ ತನುಷಾಗೆ.
ಮೈಲಾರಿಗೂ ಆರು ತಿಂಗಳು, ಅವನು ಎಂದೂ ಆಡದ ಆಟದಿಂದ.
ಹೆಬ್ಬೆರಳು ಕೇಳುವ ಗುರುಗಳೇನಲ್ಲ ನಾವು, ಸಹಿ ಸಾಕು.
ಲೋಹಿತ ರೂಢಿಯಲ್ಲಿ 'ಮೈ' ಎಂದು ಬರೆದುಬಿಟ್ಟ,
ಹೊಡೆದು ಹಾಕಿ, ಪಕ್ಕದಲ್ಲಿ ತನ್ನದನ್ನು ಬರೆದ.
ಕಾಗದ ನನ್ನ ಕಡೆ ಸರಿಯಿತು.
ಬರೆದೆ ನಾನೂ, ಒಂದೊಂದೇ ಅಕ್ಷರ,
ಹಿಂದೆ ಗಿರಿಯಣ್ಣ ನಿಂತು ನೋಡುತ್ತಿರುವ ಹಾಗೆ.

ಏಳುವಾಗ ಕೇಳಿದ: 'ನೋಡೋಕೆ ಬರಬಹುದಾ ಸಾರ್?'
ಫರ್ಹಾನ್ ನಿಯಮದ ಹಾಳೆ ತಿರುವಿದ. ಅದರಲ್ಲಿ ಇರಲಿಲ್ಲ.

ಹುಡುಗ ಬಾಗಿಲಿಗೆ ಹೋದ. ಅರ್ಧ ಹೆಜ್ಜೆ,
ತಡೆದ,
ಎಡಕ್ಕೆ ತಲೆ ಹಾಕಿ ನೋಡಿ, ಯಾರೂ ಇಲ್ಲವೆಂದು ಹೊರಬಿದ್ದ.

ಬಲಗಡೆ, ಗೋಡೆಗೊರಗಿ, ತನುಷಾ ನಿಂತಿದ್ದಳು.